ಮೊದಲ ಸಿಲಬಲ್ಲಿನ ಮೇಲೆ ಒತ್ತು

ಕಳೆದ ವಾರ ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರಿಗೆ ಶ್ರದ್ಧಾಂಜಲಿ ಸಭೆ ನಡೆಯಿತು. ಅವರು ನಿವೃತ್ತರಾಗಿ ಎರಡು ವರ್ಷವಾಗಿತ್ತು. ಮದ್ದೂರಿನಲ್ಲಿ ಮಗಳ ಮನೆಯಲ್ಲಿದ್ದರು. ಜ್ವರ ಅಂತ ಮಲಗಿದವರು ಏಳಲಿಲ್ಲ. ಸಭೆಯಲ್ಲಿ ಹೆಡ್‌ಮಾಸ್ಟರು ಮೈಕು ಹಿಡಿದು, "ಅವರಿಗೆ ಮಾತಿನ ತೊಂದರೆ ಇತ್ತು. ಆದರೆ ನಮ್ಮ ಪಿ.ಟಿ. ಮೇಷ್ಟ್ರು ಅವರ ಬಾಯಾಗಿದ್ದರು. ಇಂಥ ಸ್ನೇಹ ಈ ಕಾಲದಲ್ಲಿ ಎಲ್ಲಿ ಸಿಗುತ್ತದೆ" ಅಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ಶ್ರದ್ಧಾಂಜಲಿ ಸಭೆಯಲ್ಲಿ ಚಪ್ಪಾಳೆ ತಟ್ಟಬಾರದು ಅನ್ನುವುದನ್ನೂ ಈಗ ಯಾರೂ ಹೇಳಿಕೊಡುವುದಿಲ್ಲ.

ಆ ಪಿ.ಟಿ. ಮೇಷ್ಟ್ರು ನಾನು. ಮೈಕು ನನ್ನ ಕೈಗೂ ಬಂತು. ಸರಳ, ಸಜ್ಜನ, ಶಿಸ್ತಿನ ಮನುಷ್ಯ ಅಂತ ನಾಲ್ಕು ಮಾತು ಹೇಳಿ ಕೂತೆ. ನನ್ನ ಮುಖಕ್ಕಿಷ್ಟು. ಮೂವತ್ತು ವರ್ಷ ಮೈದಾನದಲ್ಲಿ ವಿಷಲ್ ಊದಿದವನಿಗೆ ಬರೆಯುವುದು ಬರುವುದಿಲ್ಲ, ಆದರೆ ಅಲ್ಲಿ ಹೇಳದ್ದನ್ನು ಇಲ್ಲಾದರೂ ಹೇಳಬೇಕು.

ಎಂಟು ವರ್ಷದ ಕೆಳಗೆ ಒಂದು ಮಧ್ಯಾಹ್ನ ಅವರ ಹೆಂಡತಿ ಎದೆ ಹಿಡಿದುಕೊಂಡು ಅಡುಗೆಮನೆಯಲ್ಲಿ ಬಿದ್ದರು. ಆಗ ಅವರು ಫೋನ್ ಮಾಡಿದ್ದು ನನಗೆ. ನಾನು ಎತ್ತಿದೆ. ಯಾರು ಅಂತ ಗೊತ್ತಿದ್ದೂ, ಬೇಸರ ಮಾಡಿಕೊಂಡು ಇಟ್ಟೆ. ಆ ತಾಯಿ ಉಳಿಯಲಿಲ್ಲ. ಸಿಗ್ನಲ್ ಸಿಗಲಿಲ್ಲ, ಏನೂ ಕೇಳಿಸಲಿಲ್ಲ ಅಂತ ಊರಿಗೆಲ್ಲ ಹೇಳಿದೆ. ಅವರಿಗೂ ಅದನ್ನೇ ಹೇಳಿದೆ. ಅವರು ನಂಬಿದರೋ ಇಲ್ಲವೋ ಅನ್ನುವುದು ಎಂಟು ವರ್ಷ ನನ್ನನ್ನು ಕೊರೆಯಿತು. ಮೊನ್ನೆ ಅದಕ್ಕೆ ಉತ್ತರ ಸಿಕ್ಕಿತು. ಆದರೆ ಮೊದಲು ಅವರು ಎಂಥವರು ಅಂತ ಹೇಳಬೇಕು. ಇಲ್ಲದಿದ್ದರೆ ನಾನು ಮಾಡಿದ್ದು ಎಂಥದು ಅಂತ ನಿಮಗೆ ಗೊತ್ತಾಗುವುದಿಲ್ಲ.

ನಮ್ಮ ಪ್ರೌಢಶಾಲೆ ಹಲಗೂರಿನಿಂದ ಒಳಗೆ ಮೂರು ಮೈಲಿ. ನಾವಿಬ್ಬರೂ ಮಳವಳ್ಳಿಯಿಂದ ಓಡಾಡುತ್ತಿದ್ದೆವು. ಅವರು ಬಂದು ಸೇರಿದ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೆಸರು ಹೇಳಿಕೊಂಡೆವು. ಅವರ ಸರದಿ ಬಂದಾಗ ಕಣ್ಣು ಮುಚ್ಚಿದರು. ದವಡೆ ಬಿಗಿಯಿತು. ಬಲಗೈಯ ಎರಡು ಬೆರಳು ತೊಡೆಯ ಮೇಲೆ ಟಕ್ ಟಕ್ ಅಂತ ಬಡಿಯತೊಡಗಿದವು. ಎಷ್ಟು ಹೊತ್ತಾದರೂ ಹೆಸರು ಹೊರಗೆ ಬರಲಿಲ್ಲ. ಕೊನೆಗೆ ಜೇಬಿನಿಂದ ಪೆನ್ನು ತೆಗೆದು ಹಾಜರಿ ಪುಸ್ತಕದಲ್ಲಿ ಬರೆದು ತೋರಿಸಿದರು. ಅಕ್ಷರ ಅಂದರೆ ಅದು ಅಕ್ಷರ, ಅಚ್ಚು ಹಾಕಿದ ಹಾಗಿತ್ತು. ನಾನು ಪಕ್ಕದ ಗಣಿತದ ಮೇಷ್ಟ್ರ ಕಿವಿಯಲ್ಲಿ, "ಇವ್ರು ಮಕ್ಕಳಿಗೆ ಇಂಗ್ಲಿಸ್ ಹೇಳ್ಕೊಡೋದು ಯಾವಾಗ, ಇವತ್ತೋ ನಾಳಿದ್ದೋ" ಅಂದೆ. ನನ್ನದು ಪಿಸುಮಾತಾದರೂ ಅಂಗಳಕ್ಕೆ ಕೇಳಿಸುತ್ತದೆ. ಅವರು ತಲೆ ಎತ್ತಿ ನನ್ನ ಕಡೆ ನೋಡಿದರು, ಮತ್ತೆ ಪೆನ್ನಿನ ಮುಚ್ಚಳ ಹಾಕಿದರು.

ಮಾರನೆಯ ದಿನ ನಾನು ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದೆ. ಒಂಬತ್ತನೇ ತರಗತಿಯಿಂದ ಇಂಗ್ಲಿಷ್ ಪಾಠ ಕೇಳಿಬಂತು. ನಲವತ್ತು ಮಕ್ಕಳ ಗದ್ದಲದ ನಡುವೆ ಒಂದು ಗಂಡು ದನಿ, ಎಲ್ಲೂ ತಡೆಯದೆ, ನಾಲೆ ನೀರಿನ ಹಾಗೆ ಹರಿಯುತ್ತಿತ್ತು. ಬಗ್ಗಿ ಕಿಟಕಿಯಲ್ಲಿ ನೋಡಿದರೆ ಅವರೇ. ಒಬ್ಬರೇ ಮಾತಾಡಿದರೆ ನಾಲಿಗೆ ಹಿಡಿದುಕೊಳ್ಳುತ್ತಿತ್ತು, ಹತ್ತು ಜನರ ಜೊತೆ ಸೇರಿ ಓದಿದರೆ ಒಂದು ಕಡೆಯೂ ತೊದಲುತ್ತಿರಲಿಲ್ಲ. ಅದಕ್ಕೇ ಅವರ ತರಗತಿಯಲ್ಲಿ ಪಾಠವೆಲ್ಲ ಒಟ್ಟಿಗೆ. ಪ್ರಶ್ನೆ ಬೋರ್ಡಿನ ಮೇಲೆ, ಉತ್ತರ ಎಲ್ಲರ ಬಾಯಲ್ಲಿ. ನಮ್ಮ ಕಡೆಯ ಮಕ್ಕಳು ಆಗಲೇ ಇಂಗ್ಲಿಷ್ ಅಂದರೆ ಕಬ್ಬಿನ ಗದ್ದೆಯೊಳಗೆ ನುಗ್ಗುವ ಜಾತಿ. ಇವರ ತರಗತಿಯಿಂದ ಮಾತ್ರ ಯಾರೂ ತಪ್ಪಿಸಿಕೊಂಡು ಹೋಗುತ್ತಿರಲಿಲ್ಲ.

ಹೊರಗಿನ ಪ್ರಪಂಚದಲ್ಲಿ ಜೊತೆಗೆ ಓದುವವರು ಎಲ್ಲಿ ಸಿಗಬೇಕು. ಹಲಗೂರು ಬಸ್‌ಸ್ಟ್ಯಾಂಡಿನ ಪಕ್ಕದ ಹೋಟೆಲಿಗೆ ನಾವು ದಿನಾ ಹೋಗುತ್ತಿದ್ದೆವು. ದಿನಾ ಅವರು ತಿನ್ನುತ್ತಿದ್ದದ್ದು ಇಡ್ಲಿ. ನಾನೂ, ಪಾಪ, ಹೊಟ್ಟೆ ಸೂಕ್ಷ್ಮ ಇರಬೇಕು ಅಂದುಕೊಂಡಿದ್ದೆ. ಒಂದು ದಿನ ನನ್ನ ತಟ್ಟೆಯ ದೋಸೆಯನ್ನೇ ನೋಡುತ್ತಿದ್ದವರನ್ನು ಕಂಡು, "ಒಂದು ದೋಸೆ ಹೇಳ್ಲಾ ಸಾರ್" ಅಂದೆ. ತಲೆಯಾಡಿಸಿದರು. ಎರಡು ತಿಂದರು. ಆಮೇಲೆ ಪೇಪರಿನ ಚೂರಿನ ಮೇಲೆ ಬರೆದರು: ದ ಬರುವುದಿಲ್ಲ, ಇ ಬರುತ್ತದೆ. ಎಷ್ಟು ವರ್ಷದಿಂದ ಅವರು ನಾಲಿಗೆಗೆ ಬಂದದ್ದನ್ನು ತಿಂದುಕೊಂಡಿದ್ದರೋ, ಬೇಕಾದದ್ದನ್ನಲ್ಲ. ಅವತ್ತಿನಿಂದ ದೋಸೆ ಹೇಳುವ ಕೆಲಸ ನನ್ನದಾಯಿತು. ನನಗೆ ಅದರಿಂದ ಸ್ವಲ್ಪ ಹೆಮ್ಮೆಯೂ ಬಂತು ಅಂತ ಈಗ ಒಪ್ಪಿಕೊಳ್ಳುತ್ತೇನೆ.

ವಿಷಲ್ಲಿನ ಕತೆ ಹೇಳಬೇಕು. ಒಂದು ಬೆಳಿಗ್ಗೆ ನನ್ನ ಕೊರಳಿನ ವಿಷಲ್ ಕಡೆ ಬೆರಳು ತೋರಿಸಿ ಕೈ ಚಾಚಿದರು. ಕೊಟ್ಟೆ. ನಲ್ಲಿಯಲ್ಲಿ ತೊಳೆದು, ಕರ್ಚೀಫಿನಿಂದ ಒರೆಸಿ ತರಗತಿಗೆ ಹೋದರು. ಬೋರ್ಡಿನ ಮೇಲೆ ಶುಗರ್‌ಕೇನ್ ಅಂತ ಇಂಗ್ಲಿಷಿನಲ್ಲಿ ಬರೆದರು. ಮಂಡ್ಯ ಸೀಮೆಯ ಮಕ್ಕಳಿಗೆ ಕಬ್ಬು ಅನ್ನುವುದನ್ನು ಇಂಗ್ಲಿಷಿನಲ್ಲಿ ಸರಿಯಾಗಿ ಹೇಳಲು ಬರಬೇಕು ಅನ್ನುವುದು ಅವರ ಹಟ. ಮಕ್ಕಳು ಮೂರು ಇಟ್ಟಿಗೆ ಇಟ್ಟ ಹಾಗೆ ಶು, ಗರ್, ಕೇನ್ ಅಂತ ಒಂದೇ ಸಮ ಒದರಿದವು. ಇವರು ವಿಷಲ್ ಊದಿದರು. ಮೊದಲನೆಯದು ಉದ್ದ ಮತ್ತು ಜೋರು. ನಡುವಿನದು ಇದ್ದೂ ಇಲ್ಲದ ಹಾಗೆ. ಕೊನೆಯದು ಅರ್ಧ. ಮಕ್ಕಳು ನಕ್ಕವು, ಆಮೇಲೆ ವಿಷಲ್ಲಿನ ಹಿಂದೆ ಬಾಯಿ ಹೊಂದಿಸಿದವು. ಅರ್ಧ ಗಂಟೆಯಲ್ಲಿ ಬುಲಕ್‌ಕಾರ್ಟ್, ಬಸ್‌ಸ್ಟ್ಯಾಂಡ್, ಪಂಪ್‌ಸೆಟ್ ಎಲ್ಲ ಆಯಿತು.

ನಾನು ಬಾಗಿಲಲ್ಲಿ ನಿಂತೇ ಇದ್ದೆ. ಒಳಗೆ ಕರೆದು ಕೂರಿಸಿದರು. ಅವತ್ತು ಅವರು ಬೋರ್ಡಿನ ಮೇಲೆ ಬರೆದು ತೋರಿಸಿದ್ದು ನನಗೆ ಇವತ್ತಿಗೂ ನೆನಪಿದೆ. ಎರಡು ಪದ ಸೇರಿ ಒಂದು ಹೊಸ ಹೆಸರಾದಾಗ ಎರಡೂ ಒಂದೇ ಸಮ ಕೂಗುವ ಹಾಗಿಲ್ಲ. ಸಾಮಾನ್ಯವಾಗಿ ಮೊದಲನೆಯದು ಏರುತ್ತದೆ, ಎರಡನೆಯದು ತಗ್ಗುತ್ತದೆ. ಕಪ್ಪಗಿರುವ ಯಾವುದೋ ಹಲಗೆ ಅನ್ನಬೇಕಾದರೆ ಬ್ಲ್ಯಾಕ್ ಬೇರೆ, ಬೋರ್ಡ್ ಬೇರೆ, ಎರಡಕ್ಕೂ ತೂಕ. ಪಾಠದ ಬೋರ್ಡಾದರೆ ಬ್ಲ್ಯಾಕ್ ಮೇಲೆ ಮಾತ್ರ. "ನಮ್ದು ಹಸ್ರು ಬಣ್ಣ ಅಲ್ವಾ ಸಾರ್" ಅಂತ ಒಬ್ಬಳು ಹುಡುಗಿ ಕೇಳಿದಳು. ನಿಜ, ನಮ್ಮ ಬೋರ್ಡು ಹಸಿರು. ಅವರಿಗೆ ಖುಷಿಯಾಗಿಬಿಟ್ಟಿತು. ಸೇರಿದ ಮೇಲೆ ಹಳೆಯ ಅರ್ಥ ಹೋಗುತ್ತದೆ ಅಂತ ಬರೆದು ಅಡಿಗೆರೆ ಹಾಕಿದರು.

ಬಸ್ಸಿನಲ್ಲಿ ಬರುವಾಗ ನನಗೆ ಇನ್ನೊಂದು ಚೀಟಿ ತೋರಿಸಿದರು. "ಇಂಗ್ಲಿಷಿನ ಇಂಥ ಪದಗಳಲ್ಲಿ ಜೋರು ಬೀಳುವುದು ಮೊದಲ ಸಿಲಬಲ್ಲಿನ, ಅಂದರೆ ಪದದ ಮೊದಲ ತುಂಡಿನ, ಮೇಲೆ, ನನ್ನ ಬಾಗಿಲು ಮುಚ್ಚಿಕೊಳ್ಳುವುದೂ ಅಲ್ಲೇ." ಹಾಗಂತ ಬರೆದಿತ್ತು. ಅಂದರೆ ಅವರು ಮಕ್ಕಳಿಗೆ ದಿನವಿಡೀ ಕಲಿಸುತ್ತಿದ್ದದ್ದು ತಮಗೆ ಒಬ್ಬರೇ ಇದ್ದಾಗ ಆಗದ್ದನ್ನೇ. ನಾನಾಗಿದ್ದರೆ ಚರಿತ್ರೆಯನ್ನೋ ಡ್ರಾಯಿಂಗನ್ನೋ ಹಿಡಿಯುತ್ತಿದ್ದೆ.

ಒಂದು ಸಲ ಇಲಾಖೆಯಿಂದ ಒಬ್ಬ ಸಾಹೇಬರು ತಪಾಸಣೆಗೆ ಬಂದರು. ತರಗತಿಯ ಹಿಂದೆ ಕೂತು ಐದು ನಿಮಿಷ ಕೇಳಿ, "ಏನ್ರೀ ಇದು, ಭಜನೆ ಮಾಡಿಸ್ತಿದ್ದೀರಾ. ಮಕ್ಕಳು ಬಾಯಿ ಮುಚ್ಚಲಿ, ನೀವೊಬ್ಬರೇ ಓದಿ" ಅಂದರು. ಇವರು ಪುಸ್ತಕ ಹಿಡಿದು ನಿಂತರು. ಕಣ್ಣು ಮುಚ್ಚಿತು, ಬೆರಳು ಬಡಿಯತೊಡಗಿತು. ಕುತ್ತಿಗೆಯ ನರ ಉಬ್ಬಿತು. ಕಿಟಕಿಯ ಹೊರಗೆ ನಿಂತ ನನಗೆ ನೋಡಲು ಆಗಲಿಲ್ಲ. ಆಗ ಮುಂದಿನ ಬೆಂಚಿನಿಂದ, ತುಟಿ ಅಲ್ಲಾಡದ ಹಾಗೆ, ಒಂದು ಗುನುಗು ಶುರುವಾಯಿತು. ಆಮೇಲೆ ಪಕ್ಕದ ಬೆಂಚು. ಆಮೇಲೆ ಇಡೀ ತರಗತಿ ಮೂಗಿನಲ್ಲೇ ಗುಂಯ್‌ಗುಟ್ಟಿತು. ಇವರ ಬಾಯಿ ಬಿಟ್ಟುಕೊಂಡಿತು, ಒಂದು ಪುಟ ಪೂರ್ತಿ ಓದಿದರು. ಸಾಹೇಬರಿಗೆ ಗೊತ್ತಾಗಲಿಲ್ಲ ಅಂತಲ್ಲ. ಹೊರಡುವಾಗ ಪುಸ್ತಕದಲ್ಲಿ, ಶಿಕ್ಷಕರಿಗೆ ಬೋಧನೆಗೆ ಬೇಕಾದ ವಾಕ್‌ಸಾಮರ್ಥ್ಯ ಇಲ್ಲ ಅಂತ ಬರೆದು ಹೋದರು. ಆ ಸಾಲಿನಿಂದ ಅವರ ಬಡ್ತಿ ನಿಂತಿತು. ಅವರು ಅದರ ಬಗ್ಗೆ ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ.

ಅವರ ಮನೆಯವರು ಮಂಡ್ಯದ ವಿ.ಸಿ. ಫಾರಂ ಕಡೆಯ ಹೆಂಗಸು. ತಂದೆ ಆ ಕೃಷಿ ಸಂಶೋಧನಾ ಫಾರಂನಲ್ಲಿ ಭತ್ತದ ತಾಕು ನೋಡಿಕೊಳ್ಳುವ ಕೆಲಸದಲ್ಲಿದ್ದವರು. ಆಕೆಯ ಬಾಯಿ ಜೋರು, ನಗು ಅದಕ್ಕಿಂತ ಜೋರು. ಆ ಮನೆಯಲ್ಲಿ ಫೋನ್ ಬಂದರೆ ಎತ್ತುವುದೂ ಅವರೇ, ಮಾಡುವುದೂ ಅವರೇ. ಎದುರು ಕೂತು ಮಾತಾಡಿದರೆ ಮೇಷ್ಟ್ರು ಹೇಗೋ ನಿಭಾಯಿಸುತ್ತಿದ್ದರು. ಮುಖ ಇದೆ, ಕೈ ಇದೆ, ಚೀಟಿ ಇದೆ. ಫೋನಿನಲ್ಲಿ ಅದೊಂದೂ ಇಲ್ಲ. ಫೋನ್ ಕಿವಿಗೆ ಹಿಡಿದರೆ ಸಾಕು, ಪೂರ್ತಿ ಕಟ್ಟಿಕೊಳ್ಳುತ್ತಿತ್ತು. ಆಕೆ ಪಕ್ಕದಲ್ಲಿ ಕೂತು, "ಇಲ್ಲೇ ಅವ್ರೆ ಕಣಪ್ಪ, ನಾನೇ ಮಾತಾಡ್ತೀನಿ ಏಳಿ, ಅವ್ರು ಏಳಿದ್ನೇ ನಾನೂ ಏಳೋದು" ಅನ್ನುತ್ತಿದ್ದರು. ಮೇಷ್ಟ್ರು ಬರೆಯುವುದು, ಆಕೆ ಓದುವುದು. ಒಂದೊಂದು ಸಲ ಚೀಟಿಯಲ್ಲಿ ಇಲ್ಲದ್ದನ್ನೂ ಸೇರಿಸಿ ಬೈದುಬಿಡುತ್ತಿದ್ದರು. ಮೇಷ್ಟ್ರು ಬೇಡ ಬೇಡ ಅಂತ ಕೈಯಾಡಿಸುವರು.

"ಒಂದಿನ ನಾನಿಲ್ದಿದ್ರೆ ಏನ್ಮಾಡ್ತೀರಿ" ಅಂತ ಆಕೆ ನನ್ನೆದುರೇ ಕೇಳಿದ್ದುಂಟು. ಮೇಷ್ಟ್ರು ನನ್ನ ಕಡೆ ಕೈ ತೋರಿಸಿದರು. "ಅಯ್ಯೋ ಬುಡಿ, ಪಿ.ಟಿ. ಮೇಷ್ಟ್ರು ಮಾತಾಡಿದ್ರೆ ಫೋನೇ ಬೇಕಾಗಿಲ್ಲ, ಮದ್ದೂರ್ಗಂಟ ಕೇಳುಸ್ತದೆ" ಅಂದರು. ನಾವು ಮೂವರೂ ನಕ್ಕೆವು.

ಆ ದಿನ ಭಾನುವಾರ. ಮಳವಳ್ಳಿಯ ಒಂದು ಕಲ್ಯಾಣ ಮಂಟಪದಲ್ಲಿ ನಮ್ಮ ದಾಯಾದಿ ಹುಡುಗನ ಬೀಗರೂಟ. ನನ್ನ ಕಾರು ಹೊರಗೆ ನಿಂತಿತ್ತು. ಮೇಷ್ಟ್ರ ಮನೆ ಅಲ್ಲಿಂದ ಹತ್ತು ನಿಮಿಷದ ದಾರಿ, ಊರಾಚೆಯ ಹೊಸ ಬಡಾವಣೆಯಲ್ಲಿ. ಅಕ್ಕಪಕ್ಕ ಇನ್ನೂ ಮನೆಗಳೆದ್ದಿರಲಿಲ್ಲ, ಖಾಲಿ ಸೈಟುಗಳು. ನಾನು ಪಂಕ್ತಿಯಲ್ಲಿ ಕೂತು ಮೊದಲ ತುತ್ತು ಮುರಿಯುವಾಗ ಫೋನ್ ಬಂತು. ಇಂಗ್ಲಿಷ್ ಮೇಷ್ಟ್ರು ಅಂತ ಹೆಸರು ಕಾಣಿಸಿತು. ಎಡಗೈಯಲ್ಲಿ ಎತ್ತಿ ಹಲೋ ಅಂದೆ. ಉತ್ತರವಿಲ್ಲ. ಇನ್ನೆರಡು ಸಲ ಅಂದೆ. ಆ ಕಡೆಯಿಂದ ಉಸಿರು ಕೇಳಿಸಿತು. ಹ್, ಹ್, ಹ್ ಅಂತ ಒಂದೇ ಸದ್ದು, ಗಂಟಲಿಗೆ ಏನೋ ಸಿಕ್ಕಿಕೊಂಡ ಹಾಗೆ.

ಅವರು ಯಾವತ್ತೂ ನನಗೆ ತಾವಾಗಿ ಫೋನ್ ಮಾಡಿದವರಲ್ಲ. ಅದೊಂದೇ ಸಾಕಾಗಿತ್ತು ಎದ್ದು ಓಡಲು. ನನ್ನ ಬುದ್ಧಿಗೆ ಅದು ಹೊಳೆಯಲಿಲ್ಲವೇ ಅಂತ ನೀವು ಕೇಳಬಹುದು. ಹೊಳೆಯಿತು. ಏನೋ ಆಗಿರಬೇಕು ಅಂತ ಒಂದು ಕ್ಷಣ ಅನ್ನಿಸಿತು. ಆದರೆ ಎದುರಿಗೆ ಎಲೆ, ಪಕ್ಕದಲ್ಲಿ ನೆಂಟರು, ಹಿಂದೆ ಬಡಿಸುವವನು. ಬಹುಶಃ ಗ್ಯಾಸ್ ಬುಕ್ ಮಾಡಲು ಹೇಳುತ್ತಿರಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ಪಕ್ಕದಲ್ಲಿದ್ದ ಭಾಮೈದ, "ಯಾರ್ ಭಾವ" ಅಂದ. "ನಮ್ ತೊದ್ಲು ಮೇಷ್ಟ್ರು ಕಣ್ಲಾ. ಅವ್ರು ಮಾತು ಮುಗ್ಸೋ ಒತ್ಗೆ ಮುದ್ದೆ ಆರೋಗಿ ಕಲ್ಲಾಯ್ತದೆ" ಅಂದೆ. ಆ ಸಾಲಿನಲ್ಲಿದ್ದವರೆಲ್ಲ ನಕ್ಕರು. ಹೆಬ್ಬೆರಳಿನಲ್ಲಿ ಒತ್ತಿ ಫೋನನ್ನು ಜೇಬಿಗೆ ಹಾಕಿದೆ. ಎರಡನೇ ಸಲವೂ ಬಡಿಸಿಕೊಂಡೆ.

ಆಂಬ್ಯುಲೆನ್ಸಿಗೆ ಅವರು ಫೋನ್ ಮಾಡಲಿಲ್ಲ. ಗುರುತಿಲ್ಲದವರ ಮುಂದೆ ತಮ್ಮ ಬಾಯಿ ಏನು ಮಾಡುತ್ತದೆ ಅಂತ ಅವರಿಗೆ ಗೊತ್ತಿತ್ತು. ಬೆರಳು ನಡುಗಿ ಮೆಸೇಜು ಬರೆಯಲೂ ಆಗಲಿಲ್ಲವಂತೆ. ಮಗಳು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರು, ಅವತ್ತು ಡ್ಯೂಟಿ ಮೇಲಿದ್ದಳು. ಕೊನೆಗೆ ಮೇಷ್ಟ್ರು ರಸ್ತೆಗೆ ಓಡಿ ಬಂದು, ಹಾಲಿನ ಕ್ಯಾನು ಹೊತ್ತ ಗೂಡ್ಸ್ ಆಟೋಗೆ ಅಡ್ಡ ನಿಂತು, ಎದೆ ಬಡಿದುಕೊಂಡು ಸನ್ನೆ ಮಾಡಿದ್ದಾರೆ. ಆಟೋದವನು ಕುಡಿದವರು ಅಂದುಕೊಂಡು ಮೊದಲು ಬೈದನಂತೆ. ಆಮೇಲೆ ಅವನೇ ಒಳಗೆ ಬಂದು ಆಕೆಯನ್ನು ಎತ್ತಿ ಹಾಕಿಕೊಂಡು ಹೋದ. ಆಸ್ಪತ್ರೆಯಲ್ಲಿ, ಅರ್ಧ ಗಂಟೆ ಮೊದಲು ಬರಬೇಕಿತ್ತು ಅಂದರು.

ಮಾರನೆಯ ದಿನ ಮಣ್ಣು ಹಾಕಿದ ಮೇಲೆ ನಾನೇ ಅವರ ಹತ್ತಿರ ಹೋದೆ. "ನಿನ್ನೆ ಫೋನ್ ಬಂದಂಗಿತ್ತು ಸಾರ್. ಮಂಟಪದೊಳಗೆ ಸಿಗ್ನಲ್ಲೇ ಇರಲಿಲ್ಲ, ಏನೂ ಕೇಳುಸ್ಲಿಲ್ಲ" ಅಂದೆ. ಅವರು ನನ್ನ ಮುಖವನ್ನು ನೋಡಿದರು. ಆಮೇಲೆ ನನ್ನ ಭುಜದ ಮೇಲೆ ಕೈ ಇಟ್ಟರು. ಸಮಾಧಾನ ಮಾಡಬೇಕಾದವನು ನಾನು, ಕೈ ಇಟ್ಟವರು ಅವರು. ಮನೆಗೆ ಬಂದು ಫೋನಿನಲ್ಲಿದ್ದ ಆ ಕರೆಯ ದಾಖಲೆಯನ್ನು ಕಣ್ಣು ಹಾಯಿಸದೆ ಅಳಿಸಿಹಾಕಿದೆ.

ಹದಿನೈದು ದಿನ ಕಳೆದು ಶಾಲೆಗೆ ಬಂದರು. ಮಧ್ಯಾಹ್ನ ನನ್ನ ಮುಂದೆ ಒಂದು ಚೀಟಿ, ಒಂದು ಫೋನ್ ನಂಬರು ಇಟ್ಟರು. ಪಿಂಚಣಿ ಕಾಗದದಿಂದ ಹೆಂಡತಿಯ ಹೆಸರು ತೆಗೆಸಬೇಕಿತ್ತು. ನಾನು ಫೋನ್ ಮಾಡಿ ಮಾತಾಡಿದೆ. ಅವತ್ತಿನಿಂದ ಅದು ನಡೆದುಕೊಂಡು ಬಂತು. ಕರೆಂಟು ಹೋದರೆ ನಾನು, ಡಾಕ್ಟರ ಹತ್ತಿರ ಸಮಯ ಕೇಳಲು ನಾನು, ಮಗಳ ಮದುವೆ ಮಾತಿಗೆ ಬಸರಾಳಿನ ಹುಡುಗನ ಮನೆಯವರ ಜೊತೆ ಮಾತಾಡಲೂ ನಾನು. ಒಂದು ಸಲವೂ ಬೇಸರ ಮಾಡಿಕೊಳ್ಳಲಿಲ್ಲ. ಊರಿನವರು ಹೊಗಳುತ್ತಿದ್ದರು. ಹೊಗಳುವವರು ಕಂಡರೆ ನಾನು ದಾರಿ ಬದಲಿಸುತ್ತಿದ್ದೆ.

ಮುಂದಿನ ವರ್ಷ ಜೂನ್ ತಿಂಗಳಿನಲ್ಲಿ ಒಂದು ದಿನ ಮೈದಾನದಲ್ಲಿದ್ದ ನನಗೆ ವಿಷಲ್ ಕೇಳಿಸಿತು. ಒಂದು ಉದ್ದ, ಒಂದು ಚಿಕ್ಕದು, ಒಂದು ಅರ್ಧ. ಕಬ್ಬಿನ ಪಾಠ ಅಂದುಕೊಂಡು ಹೋಗಿ ನೋಡಿದೆ. ಬೋರ್ಡಿನ ಮೇಲೆ ಬರೆದಿದ್ದದ್ದು ಹಾರ್ಟ್ ಅಟ್ಯಾಕ್. ಮೂರು ಸಿಲಬಲ್, ಒತ್ತು ಹಾರ್ಟ್ ಮೇಲೆ. ನಮ್ಮ ಮಕ್ಕಳು ಆರ್ಟ್ ಅಟ್ಯಾಕ್ ಅನ್ನುತ್ತಿದ್ದವು, ಇವರು ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಹ ಅನ್ನುವಾಗ ಉಸಿರು ತಾಗಬೇಕು ಅಂತ ತೋರಿಸುತ್ತಿದ್ದರು. ಹಾರ್ಟ್ ಅಂದರೆ ಹೃದಯ, ಅಟ್ಯಾಕ್ ಅಂದರೆ ದಾಳಿ, ಎರಡು ಸೇರಿದಾಗ ಹೃದಯ ಯಾರ ಮೇಲೂ ದಾಳಿ ಮಾಡುವುದಿಲ್ಲ, ಅದು ಮೂರನೆಯದೇ ಒಂದು ವಸ್ತು ಅಂತ ಬರೆದಿದ್ದರು. ಮಕ್ಕಳ ಜೊತೆ ಅವರೂ ಹೇಳಿದರು. ಹಾರ್ಟ್ ಅಟ್ಯಾಕ್, ಹಾರ್ಟ್ ಅಟ್ಯಾಕ್, ಹಾರ್ಟ್ ಅಟ್ಯಾಕ್. ಒಂದು ಸಲವೂ ತಡೆಯಲಿಲ್ಲ.

ನನಗೆ ಆ ಕ್ಷಣದಲ್ಲಿ ಗೊತ್ತಾಯಿತು, ಫೋನಿನಲ್ಲಿ ಅವರು ದಬ್ಬಲು ನೋಡುತ್ತಿದ್ದ ಮಾತು ಯಾವುದು ಅಂತ. ಎದೆನೋವು ಅಂದಿದ್ದರೂ ಆಗುತ್ತಿತ್ತು. ಬನ್ನಿ ಅಂದಿದ್ದರೂ ಸಾಕಿತ್ತು. ಮೇಷ್ಟ್ರ ಬುದ್ಧಿಗೆ ಮೊದಲು ಸಿಕ್ಕಿದ್ದು ಅದೊಂದು ಪದ, ಅದರ ಬಾಗಿಲಿನಲ್ಲೇ ನಿಂತುಬಿಟ್ಟರು. ಅವರನ್ನು ದೂರುತ್ತಿಲ್ಲ. ದೂರಲು ನಾನು ಯಾರು.

ಆ ವರ್ಷದಿಂದ ಅವರ ತರಗತಿಯಲ್ಲಿ ಒಂದು ಹೊಸ ಪದ್ಧತಿ ಬಂತು. ಪ್ರತಿ ಮಗುವೂ ಎದ್ದು ನಿಂತು, ಡಸ್ಟರನ್ನು ಫೋನಿನಂತೆ ಕಿವಿಗೆ ಹಿಡಿದು, ಏನಾಗಿದೆ, ಯಾರಿಗೆ, ಯಾವ ಊರು, ಮನೆಗೆ ಗುರುತು ಏನು ಅಂತ ಹೇಳಬೇಕು. ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಹೇಳಲಾಗದ ಮಗುವಿನ ಜೊತೆ ತರಗತಿಯೆಲ್ಲ ಹೇಳುತ್ತಿತ್ತು. ಪಠ್ಯದಲ್ಲಿ ಇಲ್ಲದ್ದು ಅಂತ ಯಾರೋ ದೂರಿದರು. ಅವರು ನಿಲ್ಲಿಸಲಿಲ್ಲ.

ಹೇಳಿಬಿಡಬೇಕು ಅಂತ ನಾನು ಪ್ರಯತ್ನ ಪಡಲಿಲ್ಲ ಅಂತಲ್ಲ. ಒಂದು ದಿನ ಹಲಗೂರಿನ ಹೋಟೆಲಿನಲ್ಲಿ ತಿಂಡಿ ಮುಗಿಸಿ ಕೂತಿದ್ದಾಗ, "ಸಾರ್, ಅಮ್ಮಾವ್ರು ತೀರ್ಕಂಡ್ ದಿನ ನಾನು" ಅಂತ ಶುರು ಮಾಡಿದೆ. ಅವರು ಥಟ್ಟನೆ ನನ್ನ ಕೈಗೆ ನೀರಿನ ಲೋಟ ಕೊಟ್ಟರು. ಕುಡಿದೆ. ಆಮೇಲೆ ಜೇಬಿನಿಂದ ಚೀಟಿ ತೆಗೆದರು, ಅದರಲ್ಲಿ ಮಾಡಬೇಕಾದ ಮೂರು ಫೋನುಗಳ ನಂಬರಿತ್ತು. ಬಸ್ಸು ಬರುವುದರೊಳಗೆ ಮೂರನ್ನೂ ಮಾಡಿ ಮುಗಿಸಿದೆ. ನನಗೆ ಆಗ ಹಗುರಾಯಿತು. ಗೊತ್ತಿಲ್ಲ ಇವರಿಗೆ, ಗೊತ್ತಿದ್ದರೆ ಹೀಗೆ ಇರುತ್ತಿದ್ದರೇ ಅಂತ ನಿಟ್ಟುಸಿರು ಬಿಟ್ಟೆ. ಎಂಥ ಮೂರ್ಖ ನಾನು.

ನಿವೃತ್ತಿಯ ದಿನ ಅವರಿಗೆ ಮಾತಾಡಿ ಅನ್ನಲು ಹೆಡ್‌ಮಾಸ್ಟರಿಗೆ ಸಂಕೋಚ. ಅವರೇ ಎದ್ದು, ಬರೆದು ತಂದಿದ್ದ ಹಾಳೆಯ ಪ್ರತಿಗಳನ್ನು ಹತ್ತನೇ ತರಗತಿಯ ಮಕ್ಕಳಿಗೆಲ್ಲ ಹಂಚಿದರು. ಎಲ್ಲರೂ ಒಟ್ಟಿಗೆ ಓದಿದರು. ಅದರಲ್ಲಿ ನನಗೆ ಕೃತಜ್ಞತೆ ಹೇಳುವ ಒಂದು ಸಾಲಿತ್ತು. ಅರವತ್ತು ಗಂಟಲು ಒಂದೇ ಸಲ ನನ್ನ ಹೆಸರು ಹಿಡಿದು ವಂದನೆ ಹೇಳಿದವು, ಅವರ ದನಿ ಅದರೊಳಗೆ ಇತ್ತು. ನಾನು ಎದ್ದು ಹೊರಗೆ ಹೋಗಿ ನಲ್ಲಿಯ ಹತ್ತಿರ ನಿಂತೆ.

ಈಗ ಮೊನ್ನೆಯ ಮಾತು. ಶ್ರದ್ಧಾಂಜಲಿ ಸಭೆ ಆದ ಮೂರನೆಯ ದಿನ ಮದ್ದೂರಿನಲ್ಲಿ ಅವರ ತಿಥಿ. ಹನ್ನೊಂದನೆಯ ದಿನ. ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಫೋಟೋಗೆ ಹೂವು ಹಾಕಿ ಕೈ ಮುಗಿದೆ. ಮಗಳು ಬಂದು ಹಿತ್ತಲಿಗೆ ಕರೆದಳು. ದಿನವಿಡೀ ಬಸ್ಸಿನಲ್ಲಿ ಊರುಗಳ ಹೆಸರು ಕೂಗಿ ಅವಳ ದನಿ ಒಡೆದುಹೋಗಿದೆ. ಅತ್ತಿರಲಿಲ್ಲ, ಕಣ್ಣು ಒಣಗಿತ್ತು.

"ಸಾರ್, ಅಮ್ಮ ಬಿದ್ದ ದಿನ ಅಪ್ಪ ನಿಮ್ಗೆ ಫೋನ್ ಮಾಡಿದ್ರಲ್ಲ" ಅಂದಳು.

"ಸಿಗ್ನಲ್ ಇರ್ನಿಲ್ಲ ಕಣಮ್ಮ" ಅಂದೆ. ಎಂಟು ವರ್ಷದ ಅಭ್ಯಾಸ, ಬಾಯಿ ತಾನಾಗಿ ಹೇಳಿಬಿಟ್ಟಿತು.

"ಬುಡಿ ಸಾರ್. ಫೋನ್ ಕಟ್ಟಾಗಿರಲಿಲ್ಲ. ನೀವು ಜೇಬಿಗೆ ಹಾಕ್ಕೊಂಡ್ರಿ, ಅದು ಹಂಗೇ ಇತ್ತು. ನೀವು ಅವ್ರ ಬಗ್ಗೆ ಅಂದಿದ್ದು, ಜನ ನಕ್ಕಿದ್ದು, ಎಲ್ಲಾ ಅಪ್ಪ ಕೇಳುಸ್ಕಂಡವ್ರೆ, ನಂಗೆ ಬರ್ದು ತೋರುಸುದ್ರು. ಆದ್ರೂ ಇಡ್ನಿಲ್ಲ. ನೀವು ಮತ್ತೆ ಕಿವಿಗೆ ಇಟ್ಕೊಳ್ತೀರಿ ಅಂತ, ಅಮ್ಮನ ಕೈ ಇಡ್ಕಂಡು ಆ ಒಂದು ಮಾತು ಏಳೋಕೆ ನೋಡ್ತಾನೇ ಇದ್ರಂತೆ. ನೀವು ಕೈ ತೊಳ್ಕೊಂಡಿದ್ದೂ ಕೇಳುಸ್ತಂತೆ. ಆಮೇಲೇ ರೋಡಿಗೆ ಓಡಿದ್ದು."

ನಾನು ಕೈಯಲ್ಲಿದ್ದ ಟವೆಲನ್ನು ಮಡಿಸಿದೆ, ಬಿಡಿಸಿದೆ. ಗೊತ್ತಿತ್ತು. ಭುಜದ ಮೇಲೆ ಕೈ ಇಟ್ಟಾಗಲೂ ಅವರಿಗೆ ಗೊತ್ತಿತ್ತು. ಅರವತ್ತು ಮಕ್ಕಳ ಬಾಯಲ್ಲಿ ವಂದನೆ ಹೇಳಿಸಿದಾಗಲೂ ಗೊತ್ತಿತ್ತು.

"ಮತ್ತೆ ಯಾಕಮ್ಮ ಒಂದು ದಿನಾನೂ ನನ್ನನ್ನ ಕೇಳ್ಲಿಲ್ಲ" ಅಂದೆ.

"ನಾನೂ ಅದ್ನೇ ಕೇಳ್ದೆ. ನಿಮ್ಮನೆಗೆ ಬಂದು ಕೇಳೇ ಬತ್ತೀನಿ ಅಂತ ಎದ್ದಿದ್ದೆ. ಅಪ್ಪ ಬಾಗ್ಲಿಗೆ ಅಡ್ಡ ಕೂತ್ಬುಟ್ರು. ಕೇಳ್ಬೇಡ ಮಗ, ಕೇಳುದ್ರೆ ಆ ಮನ್ಸ ನಾಚ್ಕೊಂಡು ನಮ್ಮನೆ ಕಡೆ ಬರದ್ನೇ ಬುಡ್ತಾನೆ, ನಾಳೆಯಿಂದ ನನಗೆ ಫೋನ್ ಯಾರು ಮಾಡ್ಕೊಡ್ತಾರೆ ಅಂದ್ರು. ಅಷ್ಟು ಏಳೋಕೆ ಅರ್ಧ ಗಂಟೆ ಆಯ್ತು ಅವ್ರಿಗೆ. ನಾನು ನಿಂತೇ ಇದ್ದೆ."

ಒಳಗಿನಿಂದ ಯಾರೋ ಅವಳನ್ನು ಕೂಗಿದರು. ಬಂದೆ ಅಂತ ಹೇಳಿ ಮತ್ತೆ ನನ್ನ ಕಡೆ ತಿರುಗಿದಳು.

"ಈಗ ಅವ್ರಿಲ್ಲ, ಫೋನ್ ಮಾಡ್ಕೊಡೋದೂ ಬೇಕಾಗಿಲ್ಲ. ಅದ್ಕೇ ಒಂದು ಕೇಳ್ತೀನಿ. ಅವತ್ತು ಏನು ಊಟ ಇತ್ತು ಸಾರ್?"

ಇಂಥ ಪ್ರಶ್ನೆಗೆ ಯಾರು ಸುಳ್ಳು ಹೇಳುತ್ತಾರೆ. "ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು, ಕೊನೆಗೆ ಅನ್ನ ಮಜ್ಜಿಗೆ" ಅಂದೆ.

ಅವಳು ತಲೆಯಾಡಿಸಿದಳು. ತನ್ನ ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಎಲೆ ಹಾಕವ್ರೆ. ಎಲ್ರೂ ಒಟ್ಗೆ ಕೂತ್ರೆ ಅಪ್ಪಂಗೆ ಇಷ್ಟ ಅಂತ ದೊಡ್ಡ ಪಂಕ್ತಿನೇ ಮಾಡ್ಸಿದ್ದೀನಿ. ಊಟ ಮಾಡ್ಕೊಂಡೇ ಓಗಿ ಸಾರ್, ಎದ್ದೋಗ್ಬೇಡಿ" ಅಂದಳು.

ನಾನು ಹೋಗಿ ಪಂಕ್ತಿಯಲ್ಲಿ ಕೂತೆ. ಅವಳೇ ನನ್ನ ಎಲೆಗೆ ಬಡಿಸಿದಳು. ಪೂರ್ತಿ ಉಂಡೆ.